ಎಡೆ ಹೊತ್ತ ವ್ಯಾನು

ಎರಡು ತಿಂಗಳ ಹಿಂದೆ ಸ್ಕೂಟರಿನ ಬ್ರೇಕ್ ಸರಿಮಾಡಿಸಲು ತುಮಕೂರಿನ ಒಂದು ಗ್ಯಾರೇಜಿಗೆ ಹೋಗಿದ್ದೆ. ಮೂಲೆಯಲ್ಲಿ ಒಂದು ಹಳೆಯ ಓಮ್ನಿ ವ್ಯಾನು ಟೈರುಗಳಿಲ್ಲದೆ ಇಟ್ಟಿಗೆಗಳ ಮೇಲೆ ಕೂತಿತ್ತು. ಮೆಕ್ಯಾನಿಕ್ ಏನೋ ಪಾರ್ಟು ಹುಡುಕುತ್ತಾ ಅದರ ಪಕ್ಕದ ಬಾಗಿಲನ್ನು ಕರ್ರನೆ ಎಳೆದ. ಒಳಗಿನಿಂದ ಒಂದು ವಾಸನೆ ಬಂತು. ಬಿಸಿಲಿಗೆ ಕಾದ ರೆಕ್ಸಿನ್ನು, ಪೆಟ್ರೋಲು, ಅದರ ಜೊತೆಗೆ ಯಾರೋ ಎಂದೋ ಇಟ್ಟು ಮರೆತ ಊದುಬತ್ತಿ... ಬ್ರೇಕಿನ ವಿಷಯ ನನಗೆ ಮರೆತೇಹೋಯಿತು. ಆ ಬಾಗಿಲ ಮುಂದೆ ಸುಮ್ಮನೆ ನಿಂತಿದ್ದೆ. “ಬೇಕಾ ಮೇಡಂ? ಗುಜರಿಗೆ ಹಾಕೋಕೆ ಇಟ್ಟಿದೀವಿ” ಎಂದು ಮೆಕ್ಯಾನಿಕ್ ನಕ್ಕ. ಬೇಡವೆಂದು ತಲೆಯಾಡಿಸಿದೆ.

ಆ ವಾಸನೆ ನಮ್ಮ ಪಕ್ಕದ ಮನೆಯ ಮಿಲ್ಟ್ರಿ ಮಾವನ ವ್ಯಾನಿನ ವಾಸನೆ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಮದುವೆಯಾಗಿ ತುಮಕೂರಿಗೆ ಬಂದೆ. ಗಂಡನಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ. ನಾನು ಗುಬ್ಬಿಯ ಒಂದು ಶಾಲೆಯಲ್ಲಿ ಟೀಚರು, ದಿನಾ ಬಸ್ಸಿನಲ್ಲಿ ಓಡಾಟ. ನಾವು ಬಾಡಿಗೆಗಿದ್ದ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಸೈನ್ಯದಲ್ಲಿ ಡ್ರೈವರಾಗಿದ್ದು ರಿಟೈರಾದವರು. ನಾವು ಬರುವ ಮುಂಚೆಯೇ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಒಂದು ಬಿಳಿ ಓಮ್ನಿ ಇಟ್ಟುಕೊಂಡು ಬೀದಿಯ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದರು. ಮಕ್ಕಳು, ಮಕ್ಕಳ ಅಪ್ಪ ಅಮ್ಮಂದಿರು, ತರಕಾರಿಯವಳು, ಎಲ್ಲರಿಗೂ ಅವರು ಮಿಲ್ಟ್ರಿ ಮಾವ.

ಮಾತು ಕಡಿಮೆ. ಮಕ್ಕಳು ಸಾಲಾಗಿ ನಿಂತೇ ವ್ಯಾನ್ ಹತ್ತಬೇಕು, ಶೂಸಿನ ಲೇಸು ಬಿಚ್ಚಿದ್ದರೆ ಗಾಡಿ ಮುಂದೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಆ ವ್ಯಾನನ್ನು ಅವರು ತೊಳೆಯುತ್ತಿದ್ದ ಶ್ರದ್ಧೆ ನೋಡಿ ನನಗೆ ಕೋಪವೇ ಬರುತ್ತಿತ್ತು, ಏಕೆಂದರೆ ನಲ್ಲಿಯಲ್ಲಿ ನೀರು ಬರುತ್ತಿದ್ದದ್ದೇ ಒಂದು ಗಂಟೆ. ಒಮ್ಮೆ ಹೇಳಿಯೇಬಿಟ್ಟೆ, “ಮಾವ, ನಿಮ್ಮ ವ್ಯಾನಿಗೆ ಎಣ್ಣೆ ನೀರು ಹಾಕೋ ಹೊತ್ತಿಗೆ ನಮ್ಮನೆ ಕೊಡ ಒಣಗಿ ಹೋಯ್ತು” ಅಂತ. ಮಾರನೆಯ ದಿನದಿಂದ ನನ್ನ ಕೊಡಗಳು ತುಂಬುವವರೆಗೂ ಬಕೆಟ್ ಹಿಡಿದು ಕಾಯುತ್ತಿದ್ದರು. ಬೇಸರವೂ ಇಲ್ಲ, ನಗುವೂ ಇಲ್ಲ. ಹಾಗೆ ಶುರುವಾದದ್ದು ನಮ್ಮ ಸ್ನೇಹ.

ನನಗೆ ಡ್ರೈವಿಂಗ್ ಕಲಿಸಿದವರೂ ಅವರೇ. ನಮ್ಮ ಮನೆಯಲ್ಲಿ ಸೈಕಲ್ಲು ಬಿಟ್ಟರೆ ಬೇರೆ ಗಾಡಿ ಇರಲಿಲ್ಲ, ಆದರೂ ನನಗೆ ಕಲಿಯುವ ಹುಚ್ಚು. ಭಾನುವಾರಗಳಲ್ಲಿ ಊರಾಚೆಯ ಮೈದಾನಕ್ಕೆ ಕರೆದುಕೊಂಡು ಹೋಗಿ, ಪಕ್ಕದ ಸೀಟಿನಲ್ಲಿ ನೆಟ್ಟಗೆ ಕೂತು, ರೋಡು ಬಿಟ್ಟು ಬೇರೆ ಕಡೆ ನೋಡದೆ ಕಲಿಸಿದರು. ನಾನು ಗೇರ್ ತಪ್ಪಿಸಿದಾಗಲೆಲ್ಲ ಹಲ್ಲು ಕಚ್ಚಿಕೊಂಡು “ನಿಧಾನ ಟೀಚರಮ್ಮ, ಶತ್ರು ಇನ್ನೂ ದೂರ ಅವ್ನೆ” ಎನ್ನುತ್ತಿದ್ದರು. ಅವರಿಂದ ನಾನು ಕೇಳಿದ ತಮಾಷೆ ಅದೊಂದೇ.

ಇಂಥ ಮನುಷ್ಯ ವರ್ಷಕ್ಕೊಂದು ದಿನ ಹೇಳದೆ ಕೇಳದೆ ಮಾಯವಾಗುತ್ತಿದ್ದರು. ಪಿತೃಪಕ್ಷ ಬಂತೆಂದರೆ ಒಂದು ಬೆಳಿಗ್ಗೆ ವ್ಯಾನು ಇರುತ್ತಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ಟೈರಿಗೆಲ್ಲ ಕೆಂಪು ಮಣ್ಣು ಮೆತ್ತಿಕೊಂಡು ವಾಪಸ್ಸು. ಎಲ್ಲಿಗೆ ಹೋಗಿದ್ದಿರಿ ಎಂದರೆ “ಇಲ್ಲೇ, ಒಂದು ರೌಂಡು” ಅಷ್ಟೇ. ಯಾರಾದರೂ ಜೊತೆಗೆ ಬರುತ್ತೇವೆಂದರೆ ಬೇಡ. ನಮ್ಮ ಬೀದಿಯ ಹೆಂಗಸರು ಬಿಡುತ್ತಾರೆಯೇ? ಕುಣಿಗಲ್ ಕಡೆ ಮಾವನಿಗೊಂದು ಚಿಕ್ಕಮನೆ ಇದೆ ಎಂದು ತೀರ್ಮಾನವಾಗಿಹೋಗಿತ್ತು. ಆ ಚಿಕ್ಕಮನೆಯಾಕೆ ಬೆಳ್ಳಗಿದ್ದಾಳೋ ಕಪ್ಪಗಿದ್ದಾಳೋ ಎಂಬುದರ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿತ್ತು. ಆ ಚರ್ಚೆಯಲ್ಲಿ ನಾನೂ ಇದ್ದೆ, ಜೋರಾಗಿಯೇ ಇದ್ದೆ.

ಒಂದು ವರ್ಷ ಪಕ್ಷದ ಸಮಯದಲ್ಲಿ ಅವರು ನಮ್ಮ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಅಕ್ಕಿ, ಬೆಲ್ಲ. “ಟೀಚರಮ್ಮ, ಒಂದಷ್ಟು ಕಜ್ಜಾಯ ಮಾಡ್ಕೊಡ್ತೀರಾ? ಹೋಟ್ಲಲ್ಲಿ ಸಿಕ್ಕಲ್ಲ” ಎಂದರು.

“ಯಾರಿಗೆ ಮಾವ, ಕುಣಿಗಲ್ ಅತ್ತೆಗಾ?” ಎಂದುಬಿಟ್ಟೆ.

ಅವರು ನಗಲಿಲ್ಲ. “ಸತ್ತೋರ್ಗೆ” ಎಂದರು.

ನಮ್ಮ ಕಡೆ ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ಎಲ್ಲರಿಗೂ ಗೊತ್ತಿರುವುದೇ. ಸತ್ತವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಎಲೆಯ ಮೇಲೆ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುತ್ತೇವೆ. ಬೀಡಿ ಸೇದುತ್ತಿದ್ದ ತಾತನಿಗೆ ಬೀಡಿ, ಬ್ರಾಂದಿ ಕುಡಿಯುತ್ತಿದ್ದ ಚಿಕ್ಕಪ್ಪನಿಗೆ ಬ್ರಾಂದಿ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಎಡೆ ಸಿಗದ ಹಿರಿಯರು ಹಸಿದುಕೊಂಡೇ ಹೋಗುತ್ತಾರೆ ಎನ್ನುತ್ತಾರೆ. ಮಾವ ಮಾಡುತ್ತಿದ್ದದ್ದು ಅದೇ ಕೆಲಸ, ಆದರೆ ಮನೆಯಲ್ಲಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ ಅವರ ಜೊತೆಗಿದ್ದು ಸತ್ತ ಈ ಕಡೆಯ ಹುಡುಗರ ಸಮಾಧಿ, ನೆನಪಿನ ಕಲ್ಲು ಎಲ್ಲೆಲ್ಲಿವೆಯೋ ಅಲ್ಲಿಗೆಲ್ಲ ವ್ಯಾನಿನಲ್ಲಿ ಒಬ್ಬರೇ ಹೋಗಿ, ಒಬ್ಬೊಬ್ಬನಿಗೆ ಅವನವನಿಗೆ ಇಷ್ಟವಾದದ್ದನ್ನು ಇಟ್ಟು ಬರುತ್ತಿದ್ದರು. “ಮನೆಯೋರ್ಗೆ ಇವ್ರು ಹೈಸ್ಕೂಲ್ ಹುಡುಗ್ರಾಗಿದ್ದಾಗ ಏನು ತಿಂತಿದ್ರು ಅಂತ ಗೊತ್ತು. ಆಮೇಲೆ ಏನು ಇಷ್ಟ ಆಯ್ತು ಅಂತ ನಂಗಲ್ವಾ ಗೊತ್ತಿರೋದು?” ಎಂದರು. ಚಿಕ್ಕಮನೆಯ ಕಥೆ ಕಟ್ಟಿದ ನಮ್ಮ ಬಾಯಿಗಳಿಗೆಲ್ಲ ಅವತ್ತಿಗೆ ಬೀಗ ಬಿತ್ತು. ಕಜ್ಜಾಯ ಮಾಡಿಕೊಟ್ಟೆ, ಆಮೇಲೆ ಪ್ರತಿ ವರ್ಷವೂ ನಾನೇ ಮಾಡಿಕೊಡುತ್ತಿದ್ದೆ.

ಕಾರ್ಗಿಲ್ ಯುದ್ಧ ನಡೆದ ವರ್ಷ ಮಾವ ಬೇರೆಯೇ ಆಗಿಬಿಟ್ಟರು. ದಿನಾ ಟಿ.ವಿ.ಯಲ್ಲಿ ಬಾವುಟ ಹೊದಿಸಿದ ಪೆಟ್ಟಿಗೆಗಳು. ಊರೂರಿಗೆ ಮೆರವಣಿಗೆ, ಹೂವು, ಜನ. ನಮ್ಮ ಮನೆಗೆ ಸುದ್ದಿ ನೋಡಲು ಬರುತ್ತಿದ್ದ ಮಾವ ಪೆಟ್ಟಿಗೆ ಕಂಡ ಕೂಡಲೇ ಎದ್ದು ಹೋಗುತ್ತಿದ್ದರು. ಎಪ್ಪತ್ತೊಂದರಲ್ಲಿ ಹಾಗೆ ತರುತ್ತಿರಲಿಲ್ಲವಂತೆ. ಸತ್ತವರಿಗೆ ಅಲ್ಲಲ್ಲೇ ಬೆಂಕಿ, ಊರಿಗೆ ಬಂದರೆ ಒಂದು ಹಿಡಿ ಬೂದಿ. ಕೆಲವರಿಗೆ ಅದೂ ಇಲ್ಲ.

ಆ ಸಲ ಪಕ್ಷದ ರೌಂಡು ಮುಗಿಸಿ ಬಂದ ಮಾವ ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ. ಮಕ್ಕಳು ಸಾಲು ತಪ್ಪಿ ವ್ಯಾನ್ ಹತ್ತಿದರೂ ಗದರುತ್ತಿರಲಿಲ್ಲ. ಕೇಳಿದರೆ ಏನಿಲ್ಲ ಎನ್ನುತ್ತಿದ್ದರು. ಮುಂದಿನ ವರ್ಷ, ಪಕ್ಷ ಇನ್ನೂ ಶುರುವಾಗುವ ಮೊದಲೇ, ನಮ್ಮ ಜಗಲಿಯ ಮೇಲೆ ಬಂದು ಕೂತು ಹೇಳಿದರು, “ಟೀಚರಮ್ಮ, ಈ ಸತಿ ನೀವು ಜೊತೆಗೆ ಬರ್ಬೇಕು. ಕೊತ್ತಗೆರೆ ಹತ್ರ ಒಬ್ಳು ತಾಯಿ ಅವ್ಳೆ. ಅವ್ಳಿಗೆ ಒಂದು ವಿಷ್ಯ ಹೇಳ್ಬೇಕು. ಹೇಳ್ದಾಗ ಹೆಂಗಸು ಒಬ್ರು ಪಕ್ಕದಲ್ಲಿದ್ರೆ ಹಿಡ್ಕೊಳ್ಳೋಕೆ ಆಯ್ತದೆ.”

ಆಗ ಹೇಳಿದರು, ಆ ವಿಷಯ ಏನು ಅಂತ. ಆ ತಾಯಿಯ ದೊಡ್ಡ ಮಗ ಯುದ್ಧದಲ್ಲಿ ಮಾವ ಓಡಿಸುತ್ತಿದ್ದ ಗಾಡಿಯಲ್ಲೇ ಇದ್ದವನು. ಒಂದು ನದಿ ದಾಟುವಾಗ ಗುಂಡು ಬಿದ್ದು ನೀರು ಪಾಲಾದ. ಹೆಣ ಸಿಗಲಿಲ್ಲ. ಸೈನ್ಯದಿಂದ ಮನೆಗೆ ಬಂದದ್ದು ನಾಪತ್ತೆ ಎಂಬ ಸುದ್ದಿ ಮಾತ್ರ. ಯುದ್ಧ ಮುಗಿದು ರಜೆಗೆ ಬಂದಾಗ ಮಾವ ಆ ಮನೆಗೆ ಹೋದರು. ಆಕೆ ಕಣದಲ್ಲಿ ರಾಗಿ ಒಕ್ಕುತ್ತಿದ್ದಳಂತೆ. “ನೀನು ಕಣ್ಣಾರೆ ಕಂಡ್ಯೇನ್ಲಾ?” ಎಂದು ಒಂದೇ ಮಾತು ಕೇಳಿದಳು. ಮಾವನಿಗಾಗ ಇಪ್ಪತ್ತು ದಾಟಿತ್ತೋ ಇಲ್ಲವೋ. ಆಕೆಯ ಮುಖ ನೋಡಿ ಬಾಯಿಗೆ ಬಂದದ್ದು “ಇಲ್ಲವ್ವ, ನಾ ಕಾಣ್ಲಿಲ್ಲ” ಎಂಬ ಮಾತು. “ಕಾಣ್ಲಿಲ್ಲ ಅಂದ್ಮೇಲೆ ಅವ್ನೆ ಬುಡು” ಎಂದು ಆಕೆ ಮತ್ತೆ ಕೆಲಸಕ್ಕೆ ತಿರುಗಿಕೊಂಡಳು.

ಕಂಡಿದ್ದರು. ಎರಡು ಮಾರು ದೂರದಿಂದ ಕಂಡಿದ್ದರು.

ಆ ಒಂದು ಮಾತಿನ ಮೇಲೆ ಆ ತಾಯಿ ಇಷ್ಟು ವರ್ಷ ಮಗನಿಗೆ ಎಡೆ ಇಟ್ಟಿರಲಿಲ್ಲ. ಬದುಕಿರುವವನಿಗೆ ಎಡೆ ಇಡುವಂತಿಲ್ಲ, ಅವನ ಆಯುಸ್ಸನ್ನು ನಾವೇ ಕಿತ್ತುಕೊಂಡ ಹಾಗೆ. ಸತ್ತವನಿಗೆ ಇಡದೆ ಇರುವಂತಿಲ್ಲ. ತಾಯಿ ಇಡದ ಎಡೆಯನ್ನು ತಾನು ಹೇಗೆ ಇಡಲಿ ಎಂದು ಮಾವನೂ ಇಟ್ಟಿರಲಿಲ್ಲ. ಅವನ ಹೆಸರಿನಲ್ಲಿ ಒಂದು ಕಲ್ಲೂ ಇರಲಿಲ್ಲ. ಊರಿನವರು ನಿಲ್ಲಿಸಲು ಹೋದಾಗ ಆಕೆ ಅಡ್ಡ ನಿಂತು ಕಳಿಸಿದ್ದಳಂತೆ. ಪ್ರತಿ ವರ್ಷ ಮಾವ ಈ ಸಲ ಹೇಳುತ್ತೇನೆ ಎಂದುಕೊಂಡು ಹೋಗುವುದು, ಆಕೆ ಕೊಟ್ಟದ್ದು ತಿಂದು ಸುಮ್ಮನೆ ವಾಪಸ್ಸು ಬರುವುದು. ಹಿಂದಿನ ವರ್ಷ ಆಕೆ ಕೇಳಿದಳಂತೆ, “ಅಲ್ಲ ಕಣ್ಲಾ, ಈಗ ಸತ್ತೋರ್ನೆಲ್ಲ ಪೆಟ್ಗೇಲಿ ಮನೆಗೆ ತಂದು ಕೊಡ್ತಾವ್ರಲ್ಲ, ನನ್ನ ಮಗನ್ನ ಯಾಕೆ ತರ್ಲಿಲ್ಲ?” ಅಂತ. ಮಾವ ತಿಂದು ಎದ್ದು ಬಂದಿದ್ದರು. “ಅವ್ಳು ಇನ್ನೂ ಕಾಯ್ತಾವ್ಳೆ ಟೀಚರಮ್ಮ. ನಾನು ಸತ್ರೆ ಹೇಳೋರೇ ಇಲ್ಲ. ಅವ್ನು ಹಂಗೇ ಹಸ್ಕೊಂಡಿರ್ತಾನೆ” ಎಂದರು. ನಾನು ಬರುತ್ತೇನೆ ಎಂದೆ.

ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಹಿಂದಿನ ಸೀಟಿನ ತುಂಬ ಬುಟ್ಟಿಗಳು, ಅವುಗಳ ಮೇಲೆ ಒಗೆದ ಪಂಚೆ ಮುಚ್ಚಿದ್ದರು. ಕಜ್ಜಾಯ, ಖಾರಾಬೂಂದಿ, ಬೀಡಿ ಕಟ್ಟು, ಎಲೆ ಅಡಿಕೆ, ಸಾಂಬ್ರಾಣಿ. ಮೊದಲು ಗುಬ್ಬಿ ಕಡೆ. ನಾನು ದಿನಾ ಬಸ್ಸಿನಲ್ಲಿ ಹೋಗುವ ಅದೇ ರಸ್ತೆ, ಗುಬ್ಬಿ ದಾಟಿ ಒಳಕ್ಕೆ ತಿರುಗಿದರೆ ಒಂದು ತೆಂಗಿನ ತೋಟ. ತೋಟದ ನಡುವೆ ಸಿಮೆಂಟಿನ ಸಮಾಧಿ, ಅದರ ಕೆಳಗಿರುವುದು ಒಂದು ಹಿಡಿ ಬೂದಿ. ನಾವು ಹೋದಾಗ ಸಮಾಧಿಯ ಚಪ್ಪಡಿಯ ಮೇಲೆ ಕೊಬ್ಬರಿ ಒಣಗಲು ಹರವಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಮಾವ ಮಾತ್ರ ಒಂದೊಂದೇ ಹೋಳು ಪಕ್ಕಕ್ಕೆ ಸರಿಸಿ, ಒಂದು ಎಲೆಯಷ್ಟು ಜಾಗ ಮಾಡಿಕೊಂಡರು. “ಇರ್ಲಿ ಬಿಡಿ. ಬದುಕಿದ್ದಾಗ್ಲೂ ಇವ್ನ್ಗೆ ಮನೇಲಿ ಕೊಬ್ರಿ ಕಾಯೋ ಕೆಲ್ಸನೇ ಅಂತೆ” ಎಂದರು. ಖಾರಾಬೂಂದಿ ಬಡಿಸಿ, ಬೀಡಿ ಇಟ್ಟು, ಧೂಪ ಹಾಕಿ, ಬೆನ್ನು ತಿರುಗಿಸಿ ನಿಂತರು. ಉಣ್ಣುವವರನ್ನು ನೋಡುತ್ತಾ ನಿಲ್ಲಬಾರದಂತೆ. ನಾನೂ ತಿರುಗಿ ನಿಂತೆ. ತೋಟದಲ್ಲಿ ಎಲ್ಲೋ ಒಂದು ಗರಿ ಬಿದ್ದ ಸದ್ದಾಯಿತು.

ಅಲ್ಲಿಂದ ಮತ್ತೆ ತುಮಕೂರಿಗೆ ಬಂದು, ಹೆಬ್ಬೂರಿನ ಮೇಲೆ ಕುಣಿಗಲ್ ರಸ್ತೆ ಹಿಡಿದೆವು. ದಾರಿಯಲ್ಲಿ ಒಂದು ಸಣ್ಣ ಕೆರೆಯ ಏರಿ ಮೇಲೆ ಗಾಡಿ ನಿಲ್ಲಿಸಿದರು. ಅರ್ಧ ಹೂತುಹೋದ ಒಂದು ವೀರಗಲ್ಲು. ಕತ್ತಿ ಹಿಡಿದವನ ಮುಖ ಸವೆದು ನುಣ್ಣಗಾಗಿತ್ತು. ಅದಕ್ಕೂ ಒಂದು ಕಜ್ಜಾಯ ಇಟ್ಟರು. “ಇವ್ನು ಯಾವ ಕಾಲದ ಯುದ್ಧದೋನೋ. ಹಾದಿ ಮೇಲೆ ಅವ್ನೆ, ಬಿಟ್ಟು ಹೋಗೋಕೆ ಮನಸ್ಸು ಬರಲ್ಲ” ಎಂದರು. ಅಮೃತೂರಿನಲ್ಲಿ ಇನ್ನೊಂದು. ಶಾಲೆಯೊಂದರ ಪಕ್ಕ ನಿಲ್ಲಿಸಿದ ಕಲ್ಲು, ಮಕ್ಕಳು ಅದಕ್ಕೆ ಬ್ಯಾಗು ನೇತುಹಾಕಿ ಆಡುತ್ತಿದ್ದರು. ಆ ಬ್ಯಾಗುಗಳನ್ನು ತೆಗೆಸುವುದು ಬೇಡವೆಂದು ಕಲ್ಲಿನ ಹಿಂದಿನ ಬದಿಯಲ್ಲಿ ಎಡೆ ಇಟ್ಟರು. ಅಲ್ಲಿಂದ ಕೊತ್ತಗೆರೆಗೆ ಹೊರಟೆವು. ಚೀಲದಲ್ಲಿ ನೀರಿನ ಬಾಟಲು, ಅಮೃತಾಂಜನ, ಗ್ಲೂಕೋಸ್ ಪೊಟ್ಟಣ ಎಲ್ಲ ಇಟ್ಟುಕೊಂಡಿದ್ದೆ. ಆಕೆ ಮೂರ್ಛೆ ಹೋದರೆ ಏನು ಮಾಡಬೇಕು ಎಂದು ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ.

ಕೊತ್ತಗೆರೆಯಿಂದ ಸ್ವಲ್ಪ ಒಳಗಿನ ಹಳ್ಳಿ. ಅವ್ವ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಎಂಬತ್ತರ ಹತ್ತಿರದ ವಯಸ್ಸು, ಸಣ್ಣ ಮೈ, ಕಣ್ಣು ಮಾತ್ರ ಚುರುಕು. ಕಿರಿಯ ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗ ಜೊತೆಗಿದ್ದರು. ಅವತ್ತೇ ಅವರ ಮನೆಯ ಪಕ್ಷ. ತೀರಿಕೊಂಡ ಯಜಮಾನನಿಗೆ ಎಡೆ ಇಡಲು ಒಳಗೆ ಅಡುಗೆ ನಡೆದಿತ್ತು.

“ಬಂದ್ಯೇನ್ಲಾ ಮಗ. ಇದ್ಯಾರು?” ಎಂದಳು.

“ಪಕ್ಕದ್ಮನೆ ಟೀಚರಮ್ಮ, ಅವ್ವ.”

“ಬಾ ತಾಯಿ, ಕೂತ್ಕೊ. ಏ, ಇಬ್ರಿಗೂ ಶಾವಿಗೆ ತಗೊಂಬಾರೇ” ಎಂದು ಒಳಗೆ ಕೂಗಿದಳು.

ಒತ್ತುಶಾವಿಗೆ, ಕಾಯಿಹಾಲು. ಮಾವ ತಟ್ಟೆ ಹಿಡಿದುಕೊಂಡು ಕೂತರು. ಕೈ ತಟ್ಟೆಗೆ ಹೋಗಲಿಲ್ಲ. ನಾನು ಮೆಲ್ಲಗೆ ಅವ್ವನ ಪಕ್ಕಕ್ಕೆ ಸರಿದು ಕೂತೆ. ಮಾವ ತಟ್ಟೆಯನ್ನು ಕೆಳಗಿಟ್ಟರು.

“ಅವ್ವ, ಅವತ್ತು ಕಣದಲ್ಲಿ ನಾನು ನಿನ್ಗೆ ಸುಳ್ಳೇಳ್ದೆ. ನಾನು ಕಂಡಿದ್ದೆ. ನನ್ನ ಕಣ್ಮುಂದೇನೇ ಹೋದ.”

ನಾನು ಕೈ ಚಾಚಿದೆ. ಅವ್ವ ಹುರುಳಿಯಲ್ಲಿ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

“ಗೊತ್ತು ಕಣ್ಲಾ” ಎಂದಳು.

ಮಾವ ತಲೆ ಎತ್ತಿದರು.

“ಬದುಕಿರೋನ ಗೆಣೆಕಾರ ಆಗಿದ್ರೆ ಯುಗಾದಿಗೆ ಬರ್ತಿದ್ದೆ, ಸಂಕ್ರಾಂತಿಗೆ ಬರ್ತಿದ್ದೆ. ಆ ಕಣದ ದಿನ ಆದ್ಮೇಲೆ ನೀನು ಒಂದು ವರ್ಸನಾದ್ರೂ ಪಕ್ಸ ಬಿಟ್ಟು ಬ್ಯಾರೆ ದಿನ ಈ ಮನೆ ಬಾಗ್ಲಿಗೆ ಬಂದಿದೀಯಾ? ಸತ್ತೋರ ದಿನ ನೋಡ್ಕೊಂಡು ಬರ್ತಿದ್ದೆ. ಮೊದಲ್ನೇ ಸತಿ ಪಕ್ಸದಲ್ಲಿ ಬಂದಾಗ್ಲೇ ನಂಗೆ ಗೊತ್ತಾಗೋಯ್ತು.”

ಆ ಮನೆಯಲ್ಲಿ ಮಾವ ಎಡೆ ಎಂಬ ಮಾತೇ ಎತ್ತುತ್ತಿರಲಿಲ್ಲವಂತೆ. ಬುಟ್ಟಿಗಳು ಕಾಣಬಾರದೆಂದು ವ್ಯಾನನ್ನು ಊರ ಹೊರಗಿನ ಹುಣಸೆಮರದ ಕೆಳಗೆ ನಿಲ್ಲಿಸಿ ನಡೆದು ಬರುತ್ತಿದ್ದರು. ಅವತ್ತೂ ಹಾಗೇ ಬಂದಿದ್ದೆವು. ಎಲ್ಲವನ್ನೂ ಮುಚ್ಚಿಟ್ಟವರು ದಿನವನ್ನು ಮುಚ್ಚಿಡುವುದು ಮರೆತಿದ್ದರು.

“ಗೊತ್ತಿದ್ರೆ ಯಾಕವ್ವ ಕೇಳ್ಲಿಲ್ಲ?” ಎಂದರು.

“ನಾನೇ ಬಾಯಿಬಿಟ್ಟು ಕೇಳಿದ್ರೆ ಹೆತ್ತೋಳೇ ಸಾಯಿಸ್ದಂಗೆ ಆಗ್ತಿರ್ಲಿಲ್ವಾ? ಕಂಡೋನು ನೀನು. ಕಂಡೋನು ಹೇಳ್ದೆ ನಾನು ಹೆಂಗ್ಲಾ ಎಡೆ ಇಡ್ಲಿ? ಹೋದ್ವರ್ಸ ಪೆಟ್ಗೆ ಮಾತು ಎತ್ತಿದ್ದು ಅದ್ಕೇ, ಈಗ್ಲಾದ್ರೂ ಬಾಯ್ಬಿಡ್ತೀಯೇನೋ ಅಂತ. ನೀನು ತಲೆ ತಗ್ಗಿಸ್ಕೊಂಡು ಶಾವಿಗೆ ತಿಂದು ಎದ್ದೋದೆ.”

ಇಷ್ಟು ವರ್ಷ ಅವರು ಅವಳಿಗಾಗಿ ಸುಮ್ಮನಿದ್ದರು, ಅವಳು ಅವರ ಬಾಯಿಂದ ಬರಲಿ ಎಂದು ಸುಮ್ಮನಿದ್ದಳು. ಇಬ್ಬರ ನಡುವೆ ಒಬ್ಬ ಹುಡುಗ ಎಲೆಯಿಲ್ಲದೆ ಕೂತಿದ್ದ.

ಮಾವ ಅಳತೊಡಗಿದರು. ನೆಟ್ಟಗೆ ಕೂರುತ್ತಿದ್ದ ಆ ಮನುಷ್ಯ ಮೊಣಕಾಲ ಮೇಲೆ ತಲೆ ಇಟ್ಟು, ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ನಾನು ಬಂದದ್ದು ಆಕೆಯನ್ನು ಹಿಡಿದುಕೊಳ್ಳಲು. ಹಿಡಿದುಕೊಳ್ಳಬೇಕಾಗಿ ಬಂದದ್ದು ಅವರನ್ನು. ಬಾಟಲಿನ ನೀರು ಕುಡಿಸಿದ್ದೂ ಅವರಿಗೇ.

ಅವರು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವ್ವ ಒಂದೇ ಪ್ರಶ್ನೆ ಕೇಳಿದಳು. “ನೋವು ತಿಂದ್ನಾ?”

“ಇಲ್ಲವ್ವ. ಗುಂಡು ಬಿತ್ತು, ಹೋದ. ಅಷ್ಟೇ.”

“ಇದು ಸುಳ್ಳಲ್ಲ ತಾನೆ?”

“ಅಲ್ಲವ್ವ. ಆಣೆಗೂ ಅಲ್ಲ.”

ಅವ್ವ ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು. ಆಮೇಲೆ ಮೊರ ಪಕ್ಕಕ್ಕಿಟ್ಟು, ನೆಲಕ್ಕೆ ಕೈ ಊರಿ ಎದ್ದು, “ಇನ್ನೊಂದು ಎಲೆ ತೊಳಿಯೇ” ಎಂದು ಸೊಸೆಗೆ ಹೇಳುತ್ತಾ ಒಳಗೆ ಹೋದಳು.

ನಡುಮನೆಯಲ್ಲಿ ಯಜಮಾನನ ಎಲೆಯ ಪಕ್ಕ ಮಗನ ಎಲೆ ಹಾಕಿದರು. ಅನ್ನ, ಸಾರು, ವಡೆ ಎಲ್ಲವನ್ನೂ ಸೊಸೆ ಬಡಿಸಿದಳು. ಶಾವಿಗೆಯನ್ನು ಮಾತ್ರ ಅವ್ವ ತಾನೇ ಬಡಿಸಿದಳು. “ಇದು ಅಂದ್ರೆ ಪ್ರಾಣ ಅವ್ನ್ಗೆ. ಅವ್ನ್ಗೆ ಇಡಂಗಿಲ್ಲ ಅಂತ ವರ್ಸ ವರ್ಸ ನಿನ್ಗೆ ಇಕ್ತಿದ್ದೆ” ಎಂದಳು ಮಾವನಿಗೆ. ಕಾಯಿಹಾಲು ಹುಯ್ಯುವಾಗ ಅವಳ ಕೈ ನಿಂತುಹೋಯಿತು. ಅಲ್ಲಿಯವರೆಗೂ ತಡೆದುಕೊಂಡದ್ದು ಆಗ ಕಟ್ಟೆ ಒಡೆಯಿತು. ಮಗನ ಹೆಸರು ಹಿಡಿದು ಕೂಗಿ ಅತ್ತಳು. ನಾವ್ಯಾರೂ ಸಮಾಧಾನ ಮಾಡಲು ಹೋಗಲಿಲ್ಲ.

ಕಿರಿಮಗ ಧೂಪ ಹಾಕಿದ. ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದು ಕೂತೆವು. ಸಾಮಾನ್ಯವಾಗಿ ಒಂದು ಹತ್ತು ನಿಮಿಷ ಬಿಟ್ಟು ಬಾಗಿಲು ತೆಗೆಯುತ್ತಾರೆ. ಮಕ್ಕಳಿಗೆ ಹಸಿವು, ಎಡೆ ಎತ್ತದೆ ಮನೆಯವರು ಉಣ್ಣುವಂತಿಲ್ಲ. ಕಿರಿಮಗ ಎದ್ದು ಚಿಲಕಕ್ಕೆ ಕೈ ಹಾಕಿದ.

“ತಡೀಲಾ” ಎಂದಳು ಅವ್ವ. “ಇಷ್ಟು ವರ್ಸದ ಹಸಿವು. ನಿಧಾನಕ್ಕೆ ಉಣ್ಲಿ.”

ಅವನು ಮತ್ತೆ ಬಂದು ಕೂತ. ಬಿಸಿಲು ಅಂಗಳ ಬಿಟ್ಟು ಎದುರು ಮನೆಯ ಹಂಚಿನ ಮೇಲೆ ಹೋಗುವವರೆಗೂ ಯಾರೂ ಆ ಬಾಗಿಲು ತೆಗೆಯಲಿಲ್ಲ.

ವಾಪಸ್ಸು ಬರುವಾಗ ಕುಣಿಗಲ್ ದಾಟುವವರೆಗೂ ಮಾವನೇ ಓಡಿಸಿದರು. ಆಮೇಲೆ, “ಟೀಚರಮ್ಮ, ಸ್ವಲ್ಪ ನೀವು ಓಡಿಸ್ತೀರಾ?” ಎಂದು ಗಾಡಿ ನಿಲ್ಲಿಸಿ ಪಕ್ಕಕ್ಕೆ ಬಂದು ಕೂತರು. ನಾನು ರೋಡಿನಲ್ಲಿ ಅಷ್ಟು ದೂರ ಓಡಿಸಿದ್ದು ಅದೇ ಮೊದಲು. ಅವರು ಹೆಬ್ಬೂರಿನ ಹೊತ್ತಿಗೆ ನಿದ್ದೆಹೋಗಿದ್ದರು. ನಾನು ಗೇರ್ ತಪ್ಪಿಸಿದರೂ ಎಚ್ಚರವಾಗಲಿಲ್ಲ.

ಮರುವರ್ಷದಿಂದ ಅವರು ಆ ಮನೆಗೆ ಯುಗಾದಿಗೂ ಹೋಗತೊಡಗಿದರು. ಅವ್ವನಿಗೊಂದು ಸೀರೆ ತೆಗೆದುಕೊಂಡು ಹೋಗುತ್ತಿದ್ದರು, ಮಾರನೆಯ ದಿನ ವರ್ಷತೊಡಕಿನ ಬಾಡೂಟ ಮುಗಿಸಿಕೊಂಡೇ ಬರುತ್ತಿದ್ದರು. ಬಂದವರು ನನ್ನ ಹತ್ತಿರ ಸಂತೋಷದಿಂದ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದರು. ಮಾವನಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಆದರೆ ಅದು ಬಹಳ ವರ್ಷ ನಡೆಯಲಿಲ್ಲ. ಒಂದು ಶ್ರಾವಣದ ಬೆಳಿಗ್ಗೆ ನಾನು ಕೊಡ ತುಂಬಿಕೊಂಡು, “ಮಾವ, ನಂದಾಯ್ತು, ನೀವು ಹಿಡ್ಕೊಳ್ಳಿ” ಎಂದು ಕೂಗಿದೆ. ಬರಲಿಲ್ಲ. ಹೋಗಿ ನೋಡಿದರೆ ಮಂಚದ ಮೇಲೆ ಮಲಗಿದ ಹಾಗೇ... ನಿದ್ದೆಯಲ್ಲೇ ಹೋಗಿದ್ದರು. ಅವರ ಅಕ್ಕನ ಮಗ ಬಂದು ಎಲ್ಲ ಕಾರ್ಯ ಮಾಡಿದ. ಮನೆ ಖಾಲಿ ಮಾಡಿ ವ್ಯಾನ್ ಮಾರುವವರೆಗೂ ಅದರ ಬೀಗದ ಕೈ ನನ್ನ ಹತ್ತಿರ ಇರಲಿ ಎಂದು ಕೊಟ್ಟುಹೋದ.

ಆ ವರ್ಷದ ಪಕ್ಷಕ್ಕೆ ನಾನೇ ಹೊರಟೆ, ಒಬ್ಬಳೇ. ಗಂಡ ಜೊತೆಗೆ ಬರುತ್ತೇನೆಂದರು, ಬೇಡವೆಂದೆ. ಗುಬ್ಬಿಯ ತೋಟ, ಏರಿಯ ಕಲ್ಲು, ಅಮೃತೂರು, ಎಲ್ಲ ಕಡೆ ಅವರು ಇಡುತ್ತಿದ್ದದ್ದನ್ನೇ ಇಟ್ಟು ಬೆನ್ನು ತಿರುಗಿಸಿ ನಿಂತೆ. ಪಕ್ಕದ ಸೀಟು ಖಾಲಿ. ದಾರಿಯುದ್ದಕ್ಕೂ ಅವ್ವನಿಗೆ ಹೇಗೆ ಹೇಳುವುದು ಎಂಬ ಚಿಂತೆಯೇ ನನ್ನನ್ನು ತಿನ್ನುತ್ತಿತ್ತು. ಮಾವನಿಗೆ ಇಷ್ಟು ವರ್ಷ ಬಾಯಿ ಏಕೆ ಬರಲಿಲ್ಲ ಎಂದು ನನಗೆ ಪೂರ್ತಿ ಅರ್ಥವಾದದ್ದು ಅವತ್ತು.

ವ್ಯಾನನ್ನು ನೇರ ಮನೆಯ ಮುಂದೆಯೇ ನಿಲ್ಲಿಸಿದೆ. ಅವ್ವ ಜಗಲಿಯ ಮೇಲಿದ್ದಳು. ಡ್ರೈವರ್ ಬಾಗಿಲಿನಿಂದ ನಾನು ಇಳಿದದ್ದನ್ನು ನೋಡಿದಳು, ಇನ್ನೊಂದು ಬಾಗಿಲಿನ ಕಡೆ ನೋಡಿದಳು. ಅದು ತೆರೆಯಲಿಲ್ಲ. ನಾನು ಬೀಗದ ಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಹತ್ತಿರ ಕರೆದು ಕೂರಿಸಿಕೊಂಡು, ನನ್ನ ಬೆನ್ನ ಮೇಲೆ ಕೈಯಾಡಿಸುತ್ತಾ, “ಏನೂ ಹೇಳ್ಬ್ಯಾಡ ಬುಡು ತಾಯಿ” ಎಂದಳು. ಸ್ವಲ್ಪ ಹೊತ್ತಾದ ಮೇಲೆ ಸೊಸೆಯನ್ನು ಕರೆದು ಹೇಳಿದಳು, “ಅವ್ನ್ಗೂ ಒಂದು ಎಲೆ ಹಾಕು. ಶಾವಿಗೆ ಬ್ಯಾಡ. ಅದು ಅವ್ನ್ಗೆ ಸೇರ್ತಿರ್ಲಿಲ್ಲ, ನನ್ ಮುಲಾಜಿಗೆ ತಿಂತಿದ್ದ. ಬಾಡಿನ ಸಾರು, ಮುದ್ದೆ ಹಾಕು. ವರ್ಸತೊಡ್ಕಲ್ಲಿ ಹೆಂಗೆ ಉಂಡ ನೋಡ್ಲಿಲ್ವಾ?”

ಅಷ್ಟು ವರ್ಷ ಗೋಡೆಯ ಪಕ್ಕದಲ್ಲಿದ್ದರೂ ಮಾವನಿಗೆ ಏನು ಸೇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು.

ಆ ಅವ್ವನೂ ಹೋಗಿ ಬಹಳ ವರ್ಷಗಳಾದವು. ವ್ಯಾನು ಮಾವ ಹೋದ ವರ್ಷದ ದಸರೆಯ ಹೊತ್ತಿಗೇ ಮಾರಾಟವಾಗಿತ್ತು. ಗುಬ್ಬಿಯ ತೋಟ ಮಾರಿದರು, ಈಗ ಅಲ್ಲಿ ಸಮಾಧಿ ಇದೆಯೋ ಇಲ್ಲವೋ ತಿಳಿಯದು. ಏರಿ ಅಗಲ ಮಾಡುವಾಗ ಆ ವೀರಗಲ್ಲು ಎಲ್ಲಿ ಹೋಯಿತೋ... ಒಂದು ಸಲ ಹುಡುಕಿ ಬಂದೆ, ಸಿಗಲಿಲ್ಲ. ನನಗೂ ಮಂಡಿ ನೋವು, ಸುತ್ತು ಹೋಗುವುದು ನಿಂತು ಕಾಲವಾಗಿತ್ತು.

ಗ್ಯಾರೇಜಿನಲ್ಲಿ ಆ ವಾಸನೆ ಕುಡಿದು ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಈ ಸಲದ ಪಕ್ಷಕ್ಕೆ ಬಸ್ಸು ಹಿಡಿದು ಕೊತ್ತಗೆರೆಗೆ ಹೋದೆ. ಆ ಮನೆಯ ಮೊಮ್ಮಗ ಈಗ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ಎಡೆಗೆಂದು ರಜೆ ಹಾಕಿ ಬಂದಿದ್ದ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ನಡುಮನೆಯಲ್ಲಿ ಸಾಲಾಗಿ ನಾಲ್ಕು ಎಲೆ. ಹೊಸ ಹುಡುಗಿ ಬಡಿಸುತ್ತಾ, ಏನು ಎಲ್ಲಿ ಎಂದು ತಪ್ಪಬಾರದೆಂದು ಗಂಡನನ್ನು ಕೇಳುತ್ತಿದ್ದಳು.

“ಇದು ತಾತಂದು, ಇದು ಅಜ್ಜೀದು. ಶಾವಿಗೆ ಇರೋದು ದೊಡ್ಡಪ್ಪಂದು, ಯುದ್ಧಕ್ಕೆ ಹೋಗಿ ಬರ್ಲಿಲ್ವಲ್ಲ, ಅವ್ರು. ಸರಿ, ಈ ಮುದ್ದೆ ಎಲೆ ಯಾರ್ದುರೀ?” ಎಂದಳು.

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, ಧೂಪದ ಬಟ್ಟಲಿಗೆ ಕೆಂಡ ಹಾಕುತ್ತಾ, ಇದೇನು ಗೊತ್ತಿಲ್ಲದ ವಿಷಯವೇ ಎಂಬಂತೆ ಹೇಳಿದ.

“ಅದೂ ದೊಡ್ಡಪ್ಪಂದೇ ಕಣೆ. ಯುದ್ಧದಿಂದ ವಾಪಸ್ ಬಂದೋರು.”

ಮಾವ ಇರಬೇಕಿತ್ತು ಎಂದು ಅವತ್ತು ಅನ್ನಿಸಿದಷ್ಟು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಅವನು ಬಾಗಿಲು ಮುಚ್ಚಿದ, ನಾವೆಲ್ಲ ಹೊರಗೆ ಬಂದು ಕೂತೆವು.